ಲಾಗೌಟ್ ಮಾಡದ ಮಧ್ಯಾಹ್ನ

ವಾಣಿ, ಆ ದಿನ ನೀನು ಏನನ್ನೂ ಮರೆತಿರಲಿಲ್ಲ. ಕಂಪ್ಯೂಟರ್ ಕೆಟ್ಟಿರಲಿಲ್ಲ, ಕರೆಂಟೂ ಹೋಗಿರಲಿಲ್ಲ. ನಿನ್ನ ಅತ್ತೆಗೆ, ಅಂದರೆ ನನಗೆ, ಹೊಟ್ಟೆಕಿಚ್ಚು ಬಂದಿತ್ತು. ನಡೆದದ್ದು ಅಷ್ಟೇ.

ನೀನು ಸಾಗರದ ಆಡಿಟರ್ ಆಫೀಸಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದಷ್ಟು ದಿನ ಚಿನ್ನಿ ನನ್ನವಳಾಗಿದ್ದಳು. ನಿನ್ನ ಮಗಳು — ಗೊತ್ತು. ಆದರೂ ಊಟ ನನ್ನ ಕೈಯಿಂದ, ನಿದ್ದೆ ನನ್ನ ಮಗ್ಗುಲಲ್ಲಿ. ಆಮೇಲೆ ಹೊಸನಗರದ ನಮ್ಮ ಮನೆಯಲ್ಲೇ ಕೂತು ಆಫೀಸಿನ ಕಂಪ್ಯೂಟರಿನೊಳಗೆ ಕೆಲಸ ಮಾಡಲು ನಿನಗೆ ಅನುಮತಿ ಸಿಕ್ಕಿತು. ಚಿನ್ನಿ ನಿನ್ನ ಮೇಜಿನ ಕೆಳಗೆ ಸೇರಿಕೊಂಡಳು. ಬಿಸಿ ಅಕ್ಕಿರೊಟ್ಟಿಗೆ ತುಪ್ಪ ಸವರಿ ಕರೆದರೆ, "ಅಮ್ಮ ತಿನ್ನಿಸ್ತಾಳೆ" ಎಂದಳು. ಪಕ್ಕದ ಮನೆಯ ಶಾರದ ಬೇಲಿಯಾಚೆಯಿಂದ, "ಎಂತ ಅಮ್ಮ, ರಿಟೈರ್ ಆದ್ರಾ?" ಎಂದು ನಕ್ಕಳು. ನಾನೂ ನಕ್ಕೆ. ಒಳಗೆ ಬಂದು ರೊಟ್ಟಿಯನ್ನು ನಾಯಿಗೆ ಹಾಕಿದೆ.

ಲೈಸೆನ್ಸ್ ವಿಷಯ ಹೇಳಿಕೊಟ್ಟವಳು ನೀನೇ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಅರ್ಥವಾಗುವ ಹಾಗೆ. ಕಂಪ್ಯೂಟರು ಎಷ್ಟೇ ಇರಲಿ, ಆ ಲೆಕ್ಕದ ಸಾಫ್ಟ್‌ವೇರಿನೊಳಗೆ ಒಂದು ಹೊತ್ತಿಗೆ ಮೂವರಷ್ಟೇ ಇರಬಹುದು. ಆಡಿಟರು ಕೊಂಡ ಲೈಸೆನ್ಸೇ ಮೂವರಿಗೆ. ಮನೆಯಿಂದ ಹೊಕ್ಕವಳೂ ಆ ಮೂವರಲ್ಲಿ ಒಬ್ಬಳು. ಬೆಳಗ್ಗೆ ನೀನು, ಮಧ್ಯಾಹ್ನದ ಮೇಲೆ ನಿನ್ನ ಜಾಗದಲ್ಲಿ ಸಾಗರದ ಇನ್ನೊಬ್ಬಳು.

"ಬಸ್ಸಲ್ಲಿ ಸೀಟಿಗೆ ಟವೆಲ್ ಹಾಕ್ತಾರಲ್ಲ ಅತ್ತೆ, ಹಂಗೆ. ನಾ ಎದ್ದು ಹೋದ್ರೂ ಲಾಗೌಟ್ ಮಾಡ್ದಿದ್ರೆ ಟವೆಲ್ ಅಲ್ಲೇ ಇರತ್ತೆ. ಬೇರೆಯವ್ರು ನಿಂತೇ ಇರ್ಬೇಕು."

ಅಂದು ತೆರಿಗೆ ರಿಟರ್ನ್ ಕಳಿಸಲು ಕೊನೆಯ ದಿನ. ಮಧ್ಯಾಹ್ನ ತೀರ್ಥಹಳ್ಳಿಯಿಂದ ಫೋನು — ನಿನ್ನ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಕಂಪ್ಯೂಟರಿನಲ್ಲಿ ಏನೋ ಸೇವ್ ಆಗುತ್ತಿತ್ತು. ನೀನು ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಕೂಗಿದೆ: "ಅತ್ತೆ, ಸೇವ್ ಆದ್ಮೇಲೆ ಲಾಗೌಟ್ ಮಾಡ್ಬಿಡಿ! ತೋರ್ಸಿದ್ನಲ್ಲ, ಆ ಕೆಂಪು ಗುರುತು —"

"ಮಾಡ್ತೀನಿ, ಹೋಗ್ ಮಾರಾಯ್ತಿ" ಎಂದವಳು ನಾನೇ.

ಸೇವ್ ಆಯಿತು. ಚಿನ್ನಿ ನೀನು ಹೋದ ದಾರಿ ನೋಡುತ್ತಾ ಅಳುತ್ತಿದ್ದಳು. ಎತ್ತಿಕೊಳ್ಳಲು ಹೋದರೆ ನನ್ನನ್ನು ಒದ್ದಳು. ಆಗ — ಕೆಂಪು ಗುರುತಿನ ತನಕ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಮರೆತು ಅಲ್ಲ, ಬೇಕೆಂದೇ. ಆಫೀಸಿನಿಂದ ಮನೆಯ ಫೋನಿಗೆ ಕರೆ ಬಂತು, ಮತ್ತೆ ಮತ್ತೆ ಬಂತು. ಫೋನನ್ನೇ ದಿಂಬಿನ ಕೆಳಗೆ ತುರುಕಿದೆ. ನೀನಿದ್ದ ಬಸ್ಸಿಗೆ ಕಾಡಿನ ದಾರಿಯಲ್ಲಿ ಸಿಗ್ನಲ್ ಇರಲಿಲ್ಲ. ಆಫೀಸಿನಲ್ಲೇ ಕೂತು ನಿನ್ನನ್ನು ಸಾಫ್ಟ್‌ವೇರಿನಿಂದ ಹೊರಹಾಕಲು ಗೊತ್ತಿದ್ದವನು ರಜೆಯಲ್ಲಿದ್ದನಂತೆ. ಸಾಗರದವಳಿಗೆ ಒಳಹೋಗಲು ಆಗದೆ ಗಿರಾಕಿಗಳ ರಿಟರ್ನುಗಳು ಹಾಗೇ ಉಳಿದವು.

ಅಮ್ಮನಿಗೆ ಪಟ್ಟಿ ಕಟ್ಟಿಸಿ ಸಂಜೆ ಬಂದ ನೀನು, ಆಫೀಸಿನಿಂದ ಸುದ್ದಿ ತಿಳಿದು ಕೇಳಿದೆ: "ಅತ್ತೆ, ನಾ ನಿಮ್ಗೆ ಹೇಳಿದ್ನಲ್ಲ?"

"ಎಂತ ಹೇಳಿದ್ದೆ? ನೀ ನಂಗೆ ಎಂತದೂ ಹೇಳ್ಲೇ ಇಲ್ಲ."

ಇದು ನನ್ನ ಮಾತು. ನೀನು ನನ್ನ ಮುಖವನ್ನೇ ನೋಡಿದೆ. ಆಮೇಲೆ ಹಣೆ ಒತ್ತಿಕೊಂಡು, "ಹೇಳ್ದೆ ಅಂದ್ಕೊಂಡಿದ್ದೆ..." ಎಂದು ಗೊಣಗಿದೆ. ನನ್ನ ಮಾತನ್ನು ನಂಬಲು ನಿನ್ನ ನೆನಪನ್ನೇ ಬಿಟ್ಟುಕೊಟ್ಟೆ. ಫೋನಿನಲ್ಲಿ ಆಡಿಟರಿಗೆ ನೀನೇ, "ನಂದೇ ತಪ್ಪು ಸಾರ್, ಮರ್ತೆ" ಅಂದೆ. ಮನೆಯಿಂದ ಕೆಲಸ ಸಾಕು, ನಾಳೆಯಿಂದ ಆಫೀಸಿಗೆ ಬನ್ನಿ ಎಂದು ಅವರು ಫೋನಿಟ್ಟರು.

ಚಿನ್ನಿ ಈಗ ಐದನೇ ಕ್ಲಾಸು. ನೀನು ಇವತ್ತಿಗೂ ಗೇಟಿನ ತನಕ ಹೋಗಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ತಿರುಗಿ ಬರುತ್ತೀ. "ನನ್ನ ತಲೆ ಸರಿ ಇಲ್ಲ ಬಿಡಿ" ಎಂದು ನಗುತ್ತೀ. ನಿನ್ನ ತಲೆ ಸರಿ ಇದೆ. ಬಾಯಲ್ಲಿ ಹೇಳಿದರೆ ನಾನು ಅತ್ತುಬಿಟ್ಟೇನು, ನೀನು ಸಮಾಧಾನ ಮಾಡಲು ಬಂದೀಯ — ಅದು ಬೇಡ. ಅದಕ್ಕೇ ಬರೆದೆ.

ಆ ದಿನದ ಮಾರನೇ ಬೆಳಗ್ಗೆ ಮಾಡಿದ್ದನ್ನೂ ಹೇಳಿಬಿಡುತ್ತೇನೆ. ನಿನಗಿಂತ ಮುಂಚೆ ಎದ್ದು ನಿನ್ನ ಡಬ್ಬಿ ಕಟ್ಟಿದೆ. ಮಲಗಿದ್ದ ಮಗುವಿನ ಪಾದ ಸವರಿ, "ನೀವಿದ್ದೀರಲ್ಲ ಅತ್ತೆ, ಅದೇ ಧೈರ್ಯ" ಎಂದೆ ನೀನು. "ಬಸ್ ತಪ್ಪತ್ತೆ, ಹೊರಡು" ಎಂದೆ ನಾನು. ನೀನು ತಿರುವು ದಾಟಿದ ಮೇಲೆ ಬಾಗಿಲು ಹಾಕಿಕೊಂಡು ಚಿನ್ನಿಯ ಪಕ್ಕ ಹೋಗಿ ಮಲಗಿದೆ, ಅವಳು ಕಣ್ಣು ಬಿಟ್ಟಾಗ ಮೊದಲು ನನ್ನ ಮುಖವೇ ಕಾಣಲಿ ಎಂದು.