ಎರಡು ಕುರ್ಚಿ ಹೊರಬರದ ಸಂಜೆ

ಹೋದ ತಿಂಗಳು ಶಹಾಬಾದಿನ ತರಕಾರಿ ಮಾರ್ಕೆಟ್ಟಿನ ಹಿಂದೆ ಯಾರೋ ಸುರಿದು ಹೋದ ಎಲೆಕೋಸಿನ ರಾಶಿ ಕೊಳೆತು ಹುಳಿ ವಾಸನೆ ಹೊಡೆಯುತ್ತಿತ್ತು. ಜನ ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ನಾನು ಚೀಲ ಹಿಡಿದುಕೊಂಡು ಅಲ್ಲಿಯೇ ನಿಂತೆ. ಆ ವಾಸನೆಗೆ ಬೆಳ್ಳುಳ್ಳಿಯೂ ಕೆಂಪು ಖಾರವೂ ಬೆರೆತಿದ್ದರೆ ಅದು ಅಜ್ಜಿಯ ಭರಣಿಗಳ ವಾಸನೆಯೇ ಆಗುತ್ತಿತ್ತು…

ಅಜ್ಜಿ ನನ್ನ ಅಜ್ಜಿಯಲ್ಲ. ಹದಿಮೂರು ವರ್ಷದ ಹಿಂದೆ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದ ಕೊರಿಯಾ ದೇಶದ ಹೆಂಗಸು. ಜೊತೆಗೆ ಅವರ ಗಂಡ. ಇಬ್ಬರಿಗೂ ಎಪ್ಪತ್ತರ ಹತ್ತಿರ ವಯಸ್ಸು. ನೌಕರಿಯಿಂದ ನಿವೃತ್ತರಾದ ದಂಪತಿಗಳು ಎರಡು ವರ್ಷ ಪರದೇಶದಲ್ಲಿ ಸೇವೆ ಮಾಡಿ ಬರುವುದು ಅವರ ಕ್ರೈಸ್ತ ಸಭೆಯ ರೂಢಿಯಂತೆ. ಊರವರು ಅವರನ್ನು ಮಿಷನ್ ಅಜ್ಜ, ಮಿಷನ್ ಅಜ್ಜಿ ಎಂದು ಕರೆದರು. ಮೊದಲ ವಾರವೇ ಅಜ್ಜಿ ಎಲೆಕೋಸಿಗೆ ಉಪ್ಪು ಖಾರ ಹಚ್ಚಿ ಭರಣಿಗೆ ತುಂಬಿಟ್ಟರು. ಓಣಿಯ ಹೆಂಗಸರು ಬಂದು ನನ್ನನ್ನು ಕೇಳಿದರು: "ಏನ್ರಿ ಸಿಸ್ಟರವ್ವ, ಗಟಾರ ತುಂಬ್ಯಾದೇನ್ರಿ?"

ನಾನು ನರ್ಸ್. ಮೂವತ್ತಾರು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದು ಆಗಷ್ಟೇ ನಿವೃತ್ತಳಾಗಿದ್ದೆ. ಹಾಸಿಗೆಯ ಬಟ್ಟೆಯಲ್ಲಿ ಒಂದು ಸುಕ್ಕು ಕಂಡರೂ ಇಡೀ ವಾರ್ಡಿನ ಎದುರು ಬೈಯುತ್ತಿದ್ದ ಮೇಟ್ರನ್ ಕೈಯಲ್ಲಿ ಪಳಗಿದವಳು. ಐದಕ್ಕೆ ಏಳುವುದು, ಏಳೂವರೆಗೆ ಊಟ, ಒಂಬತ್ತಕ್ಕೆ ದೀಪ ಆರಿಸುವುದು. ಆದ್ದರಿಂದ ಆ ದಂಪತಿಗಳ ದಿನಚರಿ ನನಗೆ ಬಲು ಹಿಡಿಸಿತು. ಐದಕ್ಕೆ ಪ್ರಾರ್ಥನೆ, ಐದೂವರೆಗೆ ಅಂಗಳದಲ್ಲಿ ಕೈಕಾಲು ಆಡಿಸುವುದು, ಆರೂವರೆಗೆ ಗಂಜಿ. ಎಂಟೂವರೆಗೆ ಸಭಾಮಂದಿರದ ಹಿಂದಿನ ಕೋಣೆಯಲ್ಲಿ ಗಾಯಗಳಿಗೆ ಪಟ್ಟಿ ಕಟ್ಟುವ ಕೆಲಸ. ಮಧ್ಯಾಹ್ನ ಅಜ್ಜಿ ಹುಡುಗಿಯರಿಗೆ ಹೊಲಿಗೆ ಕಲಿಸುವರು, ಅಜ್ಜ ಕೆಟ್ಟ ಹೊಲಿಗೆ ಯಂತ್ರಗಳನ್ನು ಬಿಚ್ಚಿ ಎಣ್ಣೆ ಹಾಕುವರು. ಶುಕ್ರವಾರ ತಮ್ಮ ಸಭೆಗೆ ಪತ್ರ. ಇಬ್ಬರಲ್ಲಿ ಒಬ್ಬರನ್ನು ಬಿಟ್ಟು ಇನ್ನೊಬ್ಬರು ಎಲ್ಲಿಗೂ ಹೋಗಬಾರದು ಎಂಬುದು ಸೇವೆಯ ನಿಯಮ. ಅಜ್ಜಿ ಟೊಮೇಟೊ ಕೊಳ್ಳಲು ಹೋದರೂ ಅಜ್ಜ ಹಿಂದೆ ಇರುತ್ತಿದ್ದರು.

ಪಟ್ಟಿ ಕಟ್ಟುವ ಕೋಣೆಗೆ ನಾನೂ ಹೋಗುತ್ತಿದ್ದೆ. ಬರುವವರೆಲ್ಲ ಕಲ್ಲಿನ ಕೆಲಸದವರು. ಫರಸಿ ಹಾಸುಗಲ್ಲು ಜಾರಿ ಪಾದದ ಮೇಲೆ ಬೀಳಿಸಿಕೊಂಡವರು, ಕೊಯ್ಯುವ ಯಂತ್ರಕ್ಕೆ ಬೆರಳು ಕೊಟ್ಟವರು, ಸುತ್ತಿಗೆಯ ಚೂರು ಕಣ್ಣಿಗೆ ಹಾರಿದವರು. ಅಜ್ಜಿ ತಮ್ಮ ದೇಶದಲ್ಲಿ ಶಾಲೆಯ ಟೀಚರ್ ಆಗಿದ್ದವರು, ರಕ್ತ ಕಂಡರೆ ಮೊದಲು ಬೆವರುತ್ತಿದ್ದರು. ಮೂರು ತಿಂಗಳಲ್ಲಿ ಉಗುರು ಕಿತ್ತು ತೂಗಾಡುವ ಬೆರಳನ್ನೂ ನಡುಗದೆ ಹಿಡಿಯಲು ಕಲಿತರು. ಪುಸ್ತಕ ಓದಿ ಕಲಿತ ಕನ್ನಡ ಅವರದು. ನೋವಿಗೆ ಬಾಯಿಗೆ ಬಂದಂತೆ ಬೈಯುವ ಗಂಡಸಿಗೂ "ತಾವು ದಯವಿಟ್ಟು ಸ್ವಲ್ಪ ಸಹಿಸಿಕೊಳ್ಳಬೇಕು" ಎನ್ನುತ್ತಿದ್ದರು. ಅಜ್ಜನಿಗೆ ಬರುತ್ತಿದ್ದುದು ಎರಡೇ ಮಾತು: ಸರಿ, ಬೇಡ.

ನಮ್ಮ ಎದುರು ಮನೆಯಲ್ಲಿ ಕಲ್ಲು ಪಾಲಿಶ್ ಮಾಡುವ ಮಷೀನಿನವನು ಒಬ್ಬ ಇದ್ದ. ಅವನ ಹೆಂಡತಿ ಚಿಂಚೋಳಿ ಕಡೆಯ ಹುಡುಗಿ, ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು. ಅಜ್ಜಿಯ ಮನೆಯಲ್ಲಿ ರೊಟ್ಟಿ ಬಡಿಯಲು, ಪಾತ್ರೆ ತಿಕ್ಕಲು ಹೋಗುತ್ತಿದ್ದಳು. ನಗುಮುಖದವಳು. ಅಜ್ಜಿಯ ಕನ್ನಡವನ್ನು ಅಣಕಿಸಿ ಅವರನ್ನೇ ನಗಿಸುತ್ತಿದ್ದಳು. "ಅಜ್ಜೀ, ತಾವು ದಯವಿಟ್ಟು ರೊಟ್ಟಿ ತಿನ್ನತಕ್ಕದ್ದು!" ಎಂದು ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದಳು.

ಅವನು ಅವಳನ್ನು ಬಡಿಯುತ್ತಿದ್ದ. ಮಷೀನಿನ ರಬ್ಬರ್ ಪಟ್ಟಾದಿಂದ ಬಡಿಯುತ್ತಿದ್ದ. ಬೆನ್ನ ಮೇಲೆ ಎರಡು ಬೆರಳಗಲದ ನೀಲಿ ಪಟ್ಟೆಗಳು ಏಳುತ್ತಿದ್ದವು, ಕೆಲವು ಒಡೆದು ನೀರು ಸೋರುತ್ತಿದ್ದವು. ಓಣಿಗೆಲ್ಲ ಗೊತ್ತಿತ್ತು. ಆಸ್ಪತ್ರೆಯಲ್ಲಿದ್ದಾಗ ಇಂಥ ಎಷ್ಟೋ ಬೆನ್ನುಗಳನ್ನು ತೊಳೆದು, ರಿಜಿಸ್ಟರಿನಲ್ಲಿ "ಜಾರಿ ಬಿದ್ದದ್ದು" ಎಂದು ಬರೆದವಳು ನಾನು. ಗಂಡನ ಹೆಸರು ಬರೆದರೆ ಪೊಲೀಸು, ಪೊಲೀಸು ಬಂದರೆ ಅವಳೇ ಅತ್ತು "ಬಿದ್ದೀನ್ರಿ" ಎನ್ನುವಳು. ಹಾಗಾಗಿ ಸದ್ದು ಕೇಳಿದಾಗ ಕಿಟಕಿ ಮುಚ್ಚುತ್ತಿದ್ದೆ.

ಅಜ್ಜಿ ಕಿಟಕಿ ಮುಚ್ಚಲಿಲ್ಲ. ಬಂದ ಎರಡನೆಯ ತಿಂಗಳು ಒಂದು ಸಂಜೆ ಅವನು ಅವಳ ಕೂದಲು ಹಿಡಿದು ಹೊಸ್ತಿಲ ತನಕ ಎಳೆದು ಬಡಿಯುತ್ತಿದ್ದಾಗ ಅಜ್ಜ ಅಜ್ಜಿ ಇಬ್ಬರೂ ಒಂದೊಂದು ಪ್ಲಾಸ್ಟಿಕ್ ಕುರ್ಚಿ ಹಿಡಿದು ಹೊರಗೆ ಬಂದರು. ಅವನ ಬಾಗಿಲ ಎದುರು ಹಾಕಿ ಕುಳಿತರು.

"ಏ ಮುದುಕಿ, ಇದು ನನ್ನ ಮನಿ. ನಾ ಕಟಗೊಂಡಾಕಿಗಿ ನಾ ಬಡೀತೀನಿ. ನಿನಗೇನ್ ಬ್ಯಾನಿ?"

"ತಾವು ದಯವಿಟ್ಟು ನಿಲ್ಲಿಸಬೇಕು. ತಾವು ನಿಲ್ಲಿಸುವ ತನಕ ನಾವು ಕುಳಿತಿರುತ್ತೇವೆ."

ಅವನು ಪಟ್ಟಾ ಬೀಸಿದ. ಅದು ಅಜ್ಜನ ಕಿವಿಗೆ ಬಿತ್ತು. ರಕ್ತ ಅಂಗಿಯ ಕಾಲರಿಗೆ ಇಳಿಯಿತು. ಅಜ್ಜ ಎದ್ದು, ಕುರ್ಚಿಯನ್ನು ಒಂದು ಮೊಳ ಈಚೆ ಸರಿಸಿ, ಮತ್ತೆ ಕುಳಿತರು. ಅಷ್ಟರಲ್ಲಿ ಓಣಿಯವರೆಲ್ಲ ಸೇರಿದ್ದರು. ವಯಸ್ಸಾದ ಪರದೇಶಿಗಳು ಮಂದಿ ಎದುರು ಹಾಗೆ ಕುಳಿತರೆ ಯಾವ ಗಂಡಸಿಗೆ ಕೈ ಏಳುತ್ತದೆ? ಪಟ್ಟಾ ಬಿಸಾಕಿ ಹೋದ.

ಅಂದಿನಿಂದ ಅದೇ ರೂಢಿಯಾಯಿತು. ಸದ್ದು ಬಂದರೆ ಸಾಕು, ಫರಸಿ ನೆಲದ ಮೇಲೆ ಕುರ್ಚಿಯ ಕಾಲು ಕೆರೆಯುವುದು ನನ್ನ ಅಡಿಗೆಮನೆಗೆ ಕೇಳಿಸುತ್ತಿತ್ತು. ಓಣಿಯ ಪಡ್ಡೆಗಳು ಕೂಗುತ್ತಿದ್ದರು, "ಏ, ಸರ್ಕಸ್ ಚಾಲೂ ಆತು ನೋಡ್ರೋ, ಕುರ್ಚಿ ಹೊರಗ ಬಂದುವು!" ನಗಲಿ ಬಿಡಲಿ, ವಾರಕ್ಕೆ ಮೂರು ಸಲ ಇದ್ದದ್ದು ತಿಂಗಳಿಗೆ ಒಂದಕ್ಕೆ ಇಳಿಯಿತು.

ಆದರೆ ಒಂದು ಭಾನುವಾರ ಬೆಳಿಗ್ಗೆ ದಂಪತಿಗಳು ಆರಾಧನೆಗೆ ಹೋದ ಹೊತ್ತು ನೋಡಿ ಅವನು ಅವಳ ಮಣಿಕಟ್ಟನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲು ಒದ್ದ. ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ಆಸ್ಪತ್ರೆಯಲ್ಲಿ ಎಲುಬು ಕೂಡಿಸಿ ಪಟ್ಟಿ ಹಾಕಿಸಿಕೊಂಡು ಬಂದವಳನ್ನು ಅಜ್ಜಿ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಮೂರು ವಾರ ಇದ್ದಳು. ಕೆನ್ನೆ ತುಂಬಿಕೊಂಡಿತು.

ನಾಲ್ಕನೆಯ ಭಾನುವಾರ ಅವನು ಸಭಾಮಂದಿರಕ್ಕೇ ಬಂದ. ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡಿದ್ದ. ಎಲ್ಲರ ಎದುರು ಮೊಣಕಾಲೂರಿ ಅವರ ಗ್ರಂಥದ ಮೇಲೆ ಬಲಗೈ ಇಟ್ಟ. "ಇನ್ನ ಮ್ಯಾಲ ಅಕಿ ಮ್ಯಾಲ ಕೈ ಎತ್ತಿದ್ರ ಈ ಕೈಗಿ ಹುಳಾ ಬೀಳ್ಲಿ" ಎಂದು ಗೊಳೋ ಎಂದು ಅತ್ತ. ಅಜ್ಜಿಯೂ ಅತ್ತರು.

ಅವನು ಇದೇ ಕೈಯನ್ನು ತನ್ನ ತಾಯಿಯ ತಲೆಯ ಮೇಲೂ ಇಟ್ಟು ಆಣೆ ಮಾಡಿದ್ದನ್ನು, ದರ್ಗಾದ ಕಟ್ಟೆಯ ಮೇಲೂ ಮಾಡಿದ್ದನ್ನು ನಾನು ಬಲ್ಲೆ. ಅಜ್ಜಿಗೆ ಗೊತ್ತಿರಲಿಲ್ಲ. ಅಂದು ಮಧ್ಯಾಹ್ನ ಅವರು ನನ್ನನ್ನು ಕರೆದು ಕೂರಿಸಿದರು. ಹುಡುಗಿಯೂ ಇದ್ದಳು.

"ನನ್ನ ಪತಿಯೂ ಹೊಡೆದಿದ್ದರು" ಎಂದರು ಅಜ್ಜಿ. "ಪ್ರಾಯದಲ್ಲಿ ಬಹಳ ಕುಡಿಯುತ್ತಿದ್ದರು. ಒಂದು ಬಾರಿ ನನ್ನ ಹಲ್ಲು ಮುರಿಯಿತು. ನಂತರ ಸಭೆಯ ಮುಂದೆ ಮಾತು ಕೊಟ್ಟರು. ನಲವತ್ತು ವರ್ಷವಾಯಿತು, ಒಮ್ಮೆಯೂ ಇಲ್ಲ."

ಅಜ್ಜ ತಲೆ ತಗ್ಗಿಸಿ, "ಸರಿ" ಎಂದರು.

ಹುಡುಗಿ ನನ್ನ ಕಡೆ ತಿರುಗಿದಳು. "ನೀವ್ ಹೇಳ್ರಿ ಸಿಸ್ಟರವ್ವ. ಹೋಗ್ಲ್ಯಾ, ಬ್ಯಾಡಾ?"

ನನಗೆ ಹೊತ್ತಾಗಿತ್ತು. ಎರಡು ಗಂಟೆಗೆ ಪಟ್ಟಿ ಕಟ್ಟುವ ಕೋಣೆಯ ಉಪಕರಣಗಳನ್ನು ಕುದಿಸಲು ಇಡಬೇಕಿತ್ತು. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರವ್ವ. ಹೋಗು" ಎಂದೆ.

"ಅಂವಾ ಬಡಿಯೋದ ಉಂಡ ಮ್ಯಾಲ್ರಿ" ಎಂದು ಹುಡುಗಿ ನಕ್ಕಳು. ಅಜ್ಜಿ ಗಾದೆಗಳನ್ನು ಬರೆದಿಡುವ ತಮ್ಮ ಪುಸ್ತಕ ತೆಗೆದು, ನನ್ನಿಂದ ಎರಡು ಸಲ ಹೇಳಿಸಿ, ಅದನ್ನೂ ಬರೆದುಕೊಂಡರು. ಸಂಜೆ ತಾವೇ ಹುಡುಗಿಯ ಕೈ ಹಿಡಿದು ಎದುರು ಮನೆಗೆ ಬಿಟ್ಟು ಬಂದರು.

ಮರುದಿನ ಅವರ ವರಾಂಡದಲ್ಲಿ ಕುರ್ಚಿಗಳು ಇರಲಿಲ್ಲ. ಕೇಳಿದೆ. ಒಳಕೋಣೆಗೆ ಹಾಕಿದ್ದೇವೆ ಎಂದರು. "ಮಾತು ಕೊಟ್ಟ ಮನುಷ್ಯನ ಬಾಗಿಲಲ್ಲಿ ಕಾವಲು ಕೂರುವುದು ಅವನಿಗೆ ಅವಮಾನ. ನಂಬಿದ ಮೇಲೆ ಪೂರ್ತಿ ನಂಬಬೇಕು."

ಒಂಬತ್ತನೆಯ ದಿನ. ನಾನು ಏಳೂವರೆಗೆ ಊಟಕ್ಕೆ ಕುಳಿತಿದ್ದೆ. ಮೊದಲು ತಟ್ಟೆ ಬಿದ್ದ ಸದ್ದು. ಆಮೇಲಿನದು ತಟ್ಟೆಯದಲ್ಲ. ಮಾಂಸದ ಮೇಲೆ ಬೀಳುವ ಏಟಿನ ಸದ್ದು ನರ್ಸಿಗೆ ತಿಳಿಯುತ್ತದೆ. ಹುಡುಗಿ ಎರಡು ಸಲ ಕೂಗಿದಳು. ನಾನು ತುತ್ತು ಹಿಡಿದು ಕಿವಿಗೊಟ್ಟೆ. ಈಗ ಕುರ್ಚಿ ಕೆರೆಯುತ್ತದೆ, ಈಗ ಕೆರೆಯುತ್ತದೆ… ಕೆರೆಯಲಿಲ್ಲ. ಅವರು ಒಳಗೆ ಇಟ್ಟಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವರಿಗಾಗಿಯೇ ಕಾದೆ. ಅವರೂ ಗೋಡೆಯ ಆಚೆ ಎದ್ದು ನಿಂತು, ಮತ್ತೆ ಕುಳಿತಿದ್ದರಂತೆ. ಅಜ್ಜ "ಬೇಡ, ಬೇಡ" ಎಂದು ಬಾಗಿಲ ತನಕ ಹೋದಾಗ ಅಜ್ಜಿ ಅವರ ತೋಳು ಹಿಡಿದು, ಅವನು ಮಾತು ಕೊಟ್ಟಿದ್ದಾನೆ ಎಂದರಂತೆ. ನಾನು ಊಟ ಮುಗಿಸಿದೆ. ತಟ್ಟೆ ತೊಳೆದು ಬೋರಲು ಹಾಕಿದೆ.

ಆಮೇಲೆ ಸದ್ದೇ ಇಲ್ಲ. ಆ ಮೌನವನ್ನೂ ವಾರ್ಡಿನಲ್ಲಿ ಕೇಳಿದವಳು ನಾನು. ಬರಿಗಾಲಲ್ಲಿ ಓಡಿದೆ.

ಅವನು ಹೊಸ್ತಿಲ ಮೇಲೆ ಕುಳಿತಿದ್ದ. "ಸಿಟ್ಟು ಬಂತ್ರಿ" ಎಂದ, ಅಷ್ಟೇ. ಒಳಗೆ ಅವಳು ಒಲೆಯ ಪಕ್ಕ ಬಿದ್ದಿದ್ದಳು. ಪಕ್ಕದಲ್ಲಿ ಅಂಗೈಯಗಲದ ಫರಸಿಯ ತುಂಡು, ಅಂಚಿಗೆ ಕೂದಲು ಮೆತ್ತಿತ್ತು. ಎಡ ಕಪಾಲ ಒಳಗೆ ಹೋಗಿತ್ತು. ದವಡೆ ಮುರಿದು ಬಾಯಿ ಓರೆಯಾಗಿತ್ತು. ಒಂದು ಕಣ್ಣಿನ ಪಾಪೆ ಹಿಗ್ಗಿ ನಿಂತಿತ್ತು. ಅಜ್ಜಿ ನನ್ನ ಹಿಂದೆಯೇ ಬಂದರು. ಸೀರೆ ಉಡದ, ಸೆರಗಿಲ್ಲದ ಹೆಂಗಸು, ತಮ್ಮ ಬಿಳಿ ಅಂಗಿಯನ್ನೇ ಕಳಚಿ ತಲೆಗೆ ಒತ್ತಿ ಹಿಡಿದರು. ಒಳಂಗಿಯಲ್ಲೇ, ಮಂದಿಯ ಎದುರೇ, ಕಲ್ಲು ಸಾಗಿಸುವ ಟೆಂಪೋ ಹತ್ತಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು. ಕಲಬುರಗಿಯ ದಾರಿ ಅರ್ಧ ಸಾಗುವುದರೊಳಗೆ ನಾಡಿ ನಿಂತಿತು. ನಾನು ಹೇಳಲಿಲ್ಲ. ಅಜ್ಜಿ ಆಸ್ಪತ್ರೆಯ ಬಾಗಿಲ ತನಕ ಅವಳ ಬಾಯಿ ಒರೆಸುತ್ತಲೇ ಇದ್ದರು…

ಮರುದಿನ ಅವನ ಕಡೆಯವರು ಎಂಟು ಹತ್ತು ಜನ ನುಗ್ಗಿದರು. "ನೀವ್ ಬಂದ ಮ್ಯಾಲನ ನಮ್ಮ ಮನಿ ಹಾಳಾಗ್ಯಾದ" ಎಂದು ಅಜ್ಜನನ್ನು ನೆಲಕ್ಕೆ ಕೆಡವಿ ಒದ್ದರು. ಎರಡು ಪಕ್ಕೆಲುಬು ಮುರಿದವು. ಭರಣಿಗಳನ್ನೆಲ್ಲ ರಸ್ತೆಗೆ ಎಸೆದು ಒಡೆದರು. ನಾಲ್ಕು ದಿನ ಓಣಿಯಲ್ಲಿ ಆ ವಾಸನೆ ಇತ್ತು. ಕೊಂದವನಿಗೆ ಮುಂದೆ ಶಿಕ್ಷೆಯಾಯಿತು, ಅದು ಬೇರೆ ಮಾತು.

ಸಭೆಯವರು ದಂಪತಿಗಳನ್ನು ವಾಪಸ್ ಕರೆಸಿಕೊಂಡರು. ಹೊರಡುವ ಮುಂಚೆ ಅಜ್ಜಿ, ಹುಡುಗಿಯ ತಾಯಿಯನ್ನು ನೋಡಬೇಕು ಎಂದು ಹಟ ಹಿಡಿದರು, ನಾನೂ ಜೊತೆಗೆ ಹೊರಟೆ. ನಿಯಮ ನಿಯಮವೇ, ಅಜ್ಜನೂ ಎದೆಗೆ ಬಿಗಿದ ಪಟ್ಟಿಯ ಸಮೇತ ಬಂದರು. ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿಗೆ ಬಸ್ಸು. ಗುಂಡಿ ಬಂದಾಗಲೆಲ್ಲ ಅಜ್ಜ ಕಣ್ಣು ಮುಚ್ಚುತ್ತಿದ್ದರು. ಅಲ್ಲಿಂದ ಆಟೋದಲ್ಲಿ ಅವಳ ಹಳ್ಳಿ.

ತಾಯಿ ಅಂಗಳದಲ್ಲೇ ಇದ್ದಳು. ನೋಡಿದವಳೇ ಎದ್ದು ಬಂದಳು.

"ನನ್ನ ಬಿಡ್ಡ ನಿಮ್ಮ ಮನ್ಯಾಗಿದ್ಳಲ್ಲ! ಕೈ ಮುರದು ನಿಮ್ಮ ಮನಿಗಿ ಬಂದಿದ್ಳಲ್ಲ! ಯಾರ್ ಕಳಸದ್ರಿ ಅಕಿಗಿ? ಯಾರ್ ಕಳಸದ್ರಿ?"

"ನಾನೇ ಕಳಿಸಿದೆ" ಎಂದರು ಅಜ್ಜಿ.

ತಾಯಿ ಕೆನ್ನೆಗೆ ಬಾರಿಸಿದಳು. ಕನ್ನಡಕ ಹಾರಿ ಬಿತ್ತು. ಇನ್ನೊಂದು ಬಾರಿಸಿದಳು. ಆಮೇಲೆ ಎರಡೂ ಮುಷ್ಟಿಯಿಂದ ಎದೆಗೆ, ಭುಜಕ್ಕೆ, ತನ್ನ ಕೈ ಸೋಲುವ ತನಕ ಗುದ್ದಿದಳು. ತುಟಿ ಒಡೆದು ರಕ್ತ ಬಂತು. ಅಜ್ಜಿ ಕೈ ಅಡ್ಡ ತರಲಿಲ್ಲ. ಆಣೆಯ ಮಾತು ಆಡಲಿಲ್ಲ. ನನ್ನ ಗಾದೆಯ ಮಾತೂ ಆಡಲಿಲ್ಲ. ನಾನು ಬಿಸ್ಕತ್ತಿನ ಪೊಟ್ಟಣ ಹಿಡಿದು ಬೇಲಿಯ ಪಕ್ಕ ನಿಂತಿದ್ದೆ. ಜೊತೆಗೆ ಬಂದ ದಾರಿ ತೋರಿಸುವವಳು ಎಂದು ಆ ತಾಯಿ ತಿಳಿದಿರಬೇಕು. ನಾನು ಹಾಗೆಯೇ ತಿಳಿಯಲು ಬಿಟ್ಟೆ.

ಹೋದ ವರ್ಷ ಅಜ್ಜಿ ತೀರಿಕೊಂಡರು. ಸಭೆಯವರಿಂದ ಸುದ್ದಿ ಬಂತು. ಅಜ್ಜ ಈಗ ಒಬ್ಬರೇ ಇದ್ದಾರಂತೆ. ಅಜ್ಜಿಗೂ ಆ ತಾಯಿಗೂ ಒಂದು ಮಾತು ಹೇಳಬೇಕೆಂದು ಹನ್ನೆರಡು ವರ್ಷ ಅಂದುಕೊಂಡಿದ್ದೆ… ಮಾರ್ಕೆಟ್ಟಿನಲ್ಲಿ ಆ ವಾಸನೆ ಬಂದ ಮರುದಿನ ಏಳರ ಬಸ್ಸು ಹಿಡಿದು ಚಿಂಚೋಳಿಗೆ, ಅಲ್ಲಿಂದ ಹುಡುಗಿಯ ಹಳ್ಳಿಗೆ ಹೋದೆ.

ತಾಯಿ ಇಲ್ಲ. ಹೋಗಿ ಆರು ವರ್ಷವಾಯಿತಂತೆ. ಹುಡುಗಿಯ ತಂಗಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಅಕ್ಕನದೇ ಹಣೆ.

"ಯಾರ್ರಿ ನೀವು?"

"ಶಹಾಬಾದಿನಾಕಿ. ನಿಮ್ಮಕ್ಕನ ಎದುರು ಮನಿ. ಅವತ್ತ ನಂಗ ಕೇಳಿಸಿತ್ತವ್ವ. ನಾ ಉಣ್ಲಿಕತ್ತಿದ್ದೆ, ಏಳಲಿಲ್ಲ. ವಾಪಸ್ ಹೋಗು ಅಂತ ಅಕಿಗಿ ಹೇಳಿದಾಕೀನೂ ನಾನ."

ಅವಳು ಮೊರ ನಿಲ್ಲಿಸಲಿಲ್ಲ. ಕೇರುತ್ತಲೇ ಹೇಳಿದಳು.

"ಓಣಿಗೆಲ್ಲಾ ಕೇಳಿಸಿತ್ತಂತಲ್ರಿ. ನಮ್ಮವ್ವ ಸಾಯೋತನಕ ದಿನಾ ಮುಂಜಾನಿ ಎದ್ದು ಆ ಪರದೇಶದ ಮುದುಕಿಗಿ ಶಾಪಾ ಹಾಕ್ತಿದ್ಳು. ಮತ್ತ ಯಾರಿಗಿ ಹಾಕ್ಬೇಕಂತ ಅಕಿಗಿ ಗೊತ್ತಿದ್ದಿಲ್ಲ."

ಕೂರು ಎನ್ನಲಿಲ್ಲ. ನಾನು ನಿಂತುಕೊಂಡೇ ನನ್ನ ಹೆಸರು ಹೇಳಿದೆ. ತೊಗರಿಯ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ, ಗಟ್ಟಿಯಾಗಿ, ಹೇಳಿದೆ.