ನಿಮ್ಮ ಫೋನ್ ಇಟ್ಟ ತೋರಸ್ರಿ

ಮಹೇಶ್ವರಿಯ ಸಿಟ್ಟು ರೋಣದ ಬಸ್‌ಸ್ಟ್ಯಾಂಡಿನ ಸುತ್ತಲಿನ ಅಂಗಡಿಯವರಿಗೆಲ್ಲ ಗೊತ್ತು. ಬಾಯಿಂದ ಒಂದು ಮಾತೂ ಬರದ ಹೆಂಗಸು ಇಷ್ಟು ಜಗಳ ಆಡುವುದು ಹೇಗೆ ಎಂದು ಹೊಸಬರು ಕೇಳುತ್ತಾರೆ. ಅವಳ ಎರಡು ಕೈಗಳನ್ನು ಒಮ್ಮೆ ನೋಡಿದವರು ಮತ್ತೆ ಕೇಳುವುದಿಲ್ಲ.

ಅವಳು ಹುಟ್ಟಿದ್ದು ಹೊಳೆಮಣ್ಣೂರಿನಲ್ಲಿ. ಕೂಸಾಗಿದ್ದಾಗ ಬಂದ ಜ್ವರ ಕಿವಿಯನ್ನು ಕಸಿದುಕೊಂಡು ಹೋಯಿತು. ಕಿವುಡ ಮಕ್ಕಳ ಶಾಲೆಯಲ್ಲಿ ಕೈಭಾಷೆ ಕಲಿತಳು, ಓದು ಬರಹ ಕಲಿತಳು, ಹೊಲಿಗೆ ಕಲಿತಳು. ಮಲಪ್ರಭೆ ಉಕ್ಕಿ ಬಂದ ವರ್ಷ, ಊರು ಬಿಡಿರೆಂದು ಮೈಕಿನಲ್ಲಿ ಕೂಗುತ್ತ ಜೀಪೊಂದು ಓಣಿ ಓಣಿ ತಿರುಗಿತು. ಮನೆಯವರು ಹಿತ್ತಲಿಗೆ ಓಡಿ ದನ ಬಿಚ್ಚತೊಡಗಿದರು. ಮಹೇಶ್ವರಿಗೆ ಇನ್ನೊಬ್ಬರು ಹೇಳಿರುತ್ತಾರೆ ಎಂದು ಪ್ರತಿಯೊಬ್ಬರೂ ತಿಳಿದರು. ಅವಳು ಬಾಗಿಲಿಗೆ ಬೆನ್ನು ಮಾಡಿ ಹೊಲಿಗೆ ಯಂತ್ರ ತುಳಿಯುತ್ತ ಕುಳಿತಿದ್ದಳು. ಹೊಳೆ ಬಂದ ಸುದ್ದಿ ಅವಳಿಗೆ ತಿಳಿದದ್ದು ಪಾದಕ್ಕೆ ತಣ್ಣಗೆ ನೀರು ತಾಗಿದಾಗ. ಅಣ್ಣ ಓಡಿಬಂದು ಎಳೆದುಕೊಂಡು ಹೋದ, ಜೀವ ಉಳಿಯಿತು. ಆದರೆ "ಯಾರರ ಹೇಳಿರತಾರ" ಎನ್ನುವ ಮಾತಿನ ಮೇಲೆ ಅಂದು ಹುಟ್ಟಿದ ಸಿಟ್ಟು ಇಳಿಯಲೇ ಇಲ್ಲ.

ಮದುವೆಯಾಗಿ ರೋಣಕ್ಕೆ ಬಂದಳು. ಗಂಡ ದುರಗೇಶನಿಗೂ ಕಿವಿ ಕೇಳುವುದಿಲ್ಲ. ಅವನು ನರಗುಂದದ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಮನೆಯಲ್ಲಿ ಕಿವಿ ಕೇಳುವವಳು ಅತ್ತೆ ಫಕೀರವ್ವ ಒಬ್ಬಳೇ. ಮಗನಿಗಾಗಿ ಕೈಭಾಷೆ ಕಲಿತಿದ್ದ ಫಕೀರವ್ವ, ಸೊಸೆಯ ಮಾತನ್ನು ಅಂಗಡಿ, ಆಫೀಸಿನವರಿಗೆ ಬಾಯಿಬಿಟ್ಟು ಹೇಳುತ್ತಿದ್ದಳು. ಅವಳದು ಅಂಜುಬುರುಕ ಸ್ವಭಾವ. ಸೊಸೆಯ ಕೈಯಿಂದ ಹೊರಟ ಬೆಂಕಿ ಅತ್ತೆಯ ಬಾಯಿಗೆ ಬರುವಷ್ಟರಲ್ಲಿ ಬೆಲ್ಲವಾಗಿರುತ್ತಿತ್ತು. ಇವಳು "ಕಳ್ಳ" ಎಂದು ಕೈ ಮಾಡಿದರೆ ಅವಳು, "ಸ್ವಲ್ಪ ಹೆಚ್ಚು ಕಡಿಮಿ ಆಗೇತಿ ಅಂತಾಳ, ನೋಡ್ರಿ ಯಪ್ಪಾ" ಎನ್ನುತ್ತಿದ್ದಳು. ತುಟಿ ಓದಬಲ್ಲ ಮಹೇಶ್ವರಿ ಅತ್ತೆಯ ರಟ್ಟೆ ಹಿಡಿದು ಅಲುಗಿಸುತ್ತಿದ್ದಳು: "ನಾ ಹೇಳಿದ್ದು ಅದಲ್ಲ!"

ಹತ್ತಿರದ ಹಳ್ಳಿ ಜಕ್ಕಲಿಯ ಹೆಂಗಸರು ಜಂಪರು ಹೊಲಿಸುವುದು ಮಹೇಶ್ವರಿಯ ಹತ್ತಿರವೇ. ಅಳತೆ ತರಲು, ಹೊಲಿದದ್ದನ್ನು ಮುಟ್ಟಿಸಲು ಅವಳು ಸೈಕಲ್ಲಿನಲ್ಲಿ ಹೋಗಿಬರುತ್ತಾಳೆ. ಕೊರಳಿನ ಡಿಸೈನು, ತೋಳಿನ ಉದ್ದ ಎಲ್ಲ ಫೋನಿಗೆ ಬರುತ್ತವೆ. ಚೀಲದಲ್ಲಿಟ್ಟ ಫೋನು ನಡುಗಿದರೂ ಸೈಕಲ್ಲಿನ ಕುಲುಕಾಟದಲ್ಲಿ ತಿಳಿಯುವುದಿಲ್ಲ. ಒಂದು ದಿನ ಸುಡುಬಿಸಿಲಿನಲ್ಲಿ ಜಕ್ಕಲಿ ಮುಟ್ಟಿ ಅನ್ನಪೂರ್ಣಾ ಎಂಬ ಗಿರಾಕಿಯ ಮನೆಗೆ ಹೋದರೆ ಬಾಗಿಲಿಗೆ ಬೀಗ. ಫೋನು ತೆಗೆದು ನೋಡಿದಳು. "ದವಾಖಾನಿಗೆ ಹೊಂಟೀನಿ, ಇವತ್ತ ಬರಬ್ಯಾಡ" ಎಂಬ ಮೆಸೇಜು ಅವಳು ರೋಣ ದಾಟುವ ಮೊದಲೇ ಬಂದು ಕೂತಿತ್ತು. ಬಂದ ದಾರಿಯನ್ನೇ ಮತ್ತೆ ತುಳಿಯುತ್ತ ಅವಳು ಅನ್ನಪೂರ್ಣಾಳನ್ನು ಬೈಯಲಿಲ್ಲ, ಚೀಲವನ್ನು ಬೈದಳು. ಫೋನು ಇನ್ನು ಮೇಲೆ ಕಣ್ಣ ಮುಂದೆ, ಹ್ಯಾಂಡಲ್ಲಿನ ಮೇಲೆ ಇರಬೇಕು.

ಬಸ್‌ಸ್ಟ್ಯಾಂಡಿನ ಎದುರು ಮಹಾಲಿಂಗಪ್ಪನ ಮೊಬೈಲ್ ಅಂಗಡಿ. ಅತ್ತೆ ಸೊಸೆ ಅಲ್ಲಿಗೆ ಹೋಗಿ ಸೈಕಲ್ಲಿಗೆ ಸಿಕ್ಕಿಸುವ ಫೋನ್ ಹೋಲ್ಡರ್ ಕೇಳಿದಾಗ ಅವನು ಫಕೀರವ್ವನ ಕಡೆ ತಿರುಗಿ ನಕ್ಕ. "ಕೆಪ್ಪಿಗೆ ಹೋಲ್ಡರ್ ಯಾತಕ್ರಿ ಯಮ್ಮಾ? ಹಾಡ ಕೇಳತಾಳೇನು?" ಎಂದು ಕೇಳಿ ಕಪ್ಪು ಪ್ಲಾಸ್ಟಿಕ್ಕಿನದೊಂದನ್ನು ಕೊಟ್ಟ. ಕಲ್ಲಿನಂತೆ ಗಟ್ಟಿ ಎಂದೂ ಹೇಳಿದ. ಆಗ ಮಹೇಶ್ವರಿ ಡಬ್ಬಿಯ ಮೇಲಿನ ಚಿತ್ರ ನೋಡುತ್ತಿದ್ದಳು, ಅವನ ತುಟಿಯನ್ನಲ್ಲ. ಫಕೀರವ್ವನೂ ಹೇಳಲಿಲ್ಲ.

ಜಕ್ಕಲಿ ರಸ್ತೆಯ ಹಂಪ್ಸಿನ ಮೇಲೆ ಸೈಕಲ್ಲು ಜಿಗಿದಾಗ ಹೋಲ್ಡರಿನ ಹಿಡಿಕೆ ಮುರಿಯಿತು. ಮುರಿದದ್ದು ಅವಳಿಗೆ ಕೇಳಲಿಲ್ಲ, ಕಣ್ಣೆದುರಿನ ಫೋನು ಇಲ್ಲವಾದದ್ದು ಕಂಡಿತು. ಸೈಕಲ್ಲು ಬಿಟ್ಟು ಹಿಂದೆ ಓಡಿ, ರಸ್ತೆಯ ನಡುವೆ ಬಾಗಿ ಫೋನು ಎತ್ತಿಕೊಂಡಳು. ತಲೆ ಎತ್ತಿದಾಗ ಟ್ರ್ಯಾಕ್ಟರಿನ ಮೂತಿ ಅವಳ ಮುಖದ ಹತ್ತಿರವೇ ನಿಂತಿತ್ತು. ಕಡಲೆ ಚೀಲ ಹೇರಿಕೊಂಡು ಬಂದಿದ್ದ ಟ್ರ್ಯಾಕ್ಟರು, ಬ್ರೇಕು ಒತ್ತಿದ ರಭಸಕ್ಕೆ ಓರೆಯಾಗಿತ್ತು. ಡ್ರೈವರು ಮೇಲಿನಿಂದ ಕೈ ಬೀಸುತ್ತ ಬಾಯಿ ತೆರೆದು ಮುಚ್ಚುತ್ತಿದ್ದ. ಆ ಮಾತನ್ನು ಅವಳು ಎಷ್ಟೋ ತುಟಿಗಳ ಮೇಲೆ ಓದಿದ್ದಳು.

"ಹಾರ್ನ್ ಹೊಡದ ಹೊಡದ ಸಾಕಾತು! ಕಿವಿ ಕೇಳೂದಿಲ್ಲೇನ ನಿಂಗ?"

ಅವಳು ಕಿವಿ ಮುಟ್ಟಿ ತೋರಿಸಿ, ಇಲ್ಲ ಎಂದು ತಲೆಯಾಡಿಸಿದಳು. ಡ್ರೈವರನ ಬೀಸುವ ಕೈ ನಿಂತುಹೋಯಿತು. ಅವನು ಮುಖ ತಿರುಗಿಸಿ ಗಾಡಿಯನ್ನು ಬಳಸಿ ಒಯ್ದ. ಫೋನಿನ ಗಾಜು ಒಂದು ಮೂಲೆಯಿಂದ ಸೀಳಿತ್ತು, ಜೀವ ಇತ್ತು. ಮಹೇಶ್ವರಿಯ ಹೆದರಿಕೆ ಸ್ವಲ್ಪ ಹೊತ್ತಿಗೆ ಹೋಯಿತು, ಸಿಟ್ಟು ಉಳಿಯಿತು.

ಸಂಜೆ ಅತ್ತೆಯನ್ನು ಕರೆದುಕೊಂಡು ನೇರ ಅಂಗಡಿಗೆ ಬಂದಳು. ಮಹಾಲಿಂಗಪ್ಪ ಮುರಿದ ತುಂಡನ್ನು ತಿರುಗಿಸಿ ನೋಡಿ ಫಕೀರವ್ವನಿಗೆ ಹೇಳಿದ:

"ಸಾವಕಾಶ ಹೊಡಿಯಾಕ ಹೇಳ್ರಿ ಆಕೀಗೆ. ಹಂಪ್ಸಿನ ಮ್ಯಾಲೆ ಹಾರಿಸಿದ್ರ ಕಬ್ಬಿಣನೂ ಮುರೀತೈತಿ."

ಮಹೇಶ್ವರಿ ಕೌಂಟರಿನ ಗಾಜನ್ನು ಬೆರಳಿನಿಂದ ಕುಟ್ಟಿದಳು. ನನ್ನ ಮುಖ ನೋಡಿ ಮಾತಾಡು ಎಂದು ಕೈ ಮಾಡಿದಳು.

"ಆಕೀ ಮಾರಿ ನೋಡಿ ಮಾತಾಡಬೇಕಂತ್ರಿ" ಎಂದಳು ಫಕೀರವ್ವ, ತಾನೇ ತಪ್ಪು ಮಾಡಿದವಳಂತೆ.

"ಏನ್ ಉಪಯೋಗ್ರಿ? ಗ್ವಾಡಿ ಜೋಡಿ ಮಾತಾಡಿದಂಗ" ಎಂದ ಅವನು. ರಿಚಾರ್ಜಿಗೆ ಬಂದು ನಿಂತಿದ್ದ ಇಬ್ಬರು ನಕ್ಕರು. ಮಹಾಲಿಂಗಪ್ಪ ಉಮೇದಿನಿಂದ ಇನ್ನೊಂದು ಹೋಲ್ಡರ್ ತೆಗೆದ. "ಬೇಕಾದ್ರ ಇದನ್ನ ಒಯ್ರಿ, ರೊಕ್ಕ ಬ್ಯಾರೆ. ಇದು ಪಕ್ಕಾ ಮಾಲು. ಭೂಮಿ ನಡುಗಿದ್ರೂ ಫೋನ್ ಬೀಳೂದಿಲ್ಲ."

ಈ ಸಲ ಮಹೇಶ್ವರಿ ಅವನ ತುಟಿಯನ್ನೇ ನೋಡುತ್ತಿದ್ದಳು. ತನ್ನನ್ನು ಗೋಡೆಗೆ ಹೋಲಿಸಿ ಗ್ವಾಡಿ ಎಂದದ್ದನ್ನೂ ಓದಿದಳು, ಪಕ್ಕಾ ಎಂದದ್ದನ್ನೂ ಓದಿದಳು. ಅವನ ಕೈಯಿಂದ ಹೋಲ್ಡರ್ ಕಸಿದುಕೊಂಡು ಹೊರಗೆ ಹೋಗಿ ತನ್ನ ಸೈಕಲ್ಲಿಗೆ ಸಿಕ್ಕಿಸಿದಳು. ಹ್ಯಾಂಡಲ್ಲಿನ ಗುಂಟ ಬ್ರೇಕಿನ ಕಂಬಿ ಹಾಯ್ದಿದ್ದರಿಂದ ಅದು ಸರಿಯಾಗಿ ಕೂರದೆ ವಾಲಿತು. ಆದಷ್ಟು ಬಿಗಿದು ಒಳಗೆ ಬಂದು, ಮಹಾಲಿಂಗಪ್ಪನ ಮುಂದೆ ಅಂಗೈ ಚಾಚಿ, ಅವನ ಅಂಗಿಯ ಕಿಸೆಯಲ್ಲಿದ್ದ ಹೊಸ ಫೋನಿನ ಕಡೆ ಬೆರಳು ಮಾಡಿದಳು.

"ಏನ್ ಬೇಕಂತ್ರಿ ಈಕೀಗೆ?"

ಸೊಸೆಯ ಕೈಗಳು ಹೇಳುತ್ತಿದ್ದವು, ಫಕೀರವ್ವ ನೋಡುತ್ತಿದ್ದಳು. ಅವಳ ಬಾಯಿಗೆ ಎಂದಿನಂತೆ ಬೆಲ್ಲದ ಮಾತೊಂದು ಬಂದಿತ್ತು. ಆದರೆ ಗ್ವಾಡಿ ಎಂಬ ಮಾತು ಅದನ್ನು ಹೊರಬಿಡಲಿಲ್ಲ. ಅವಳ ದುರಗೇಶನನ್ನೂ ಜನ ಸಣ್ಣವನಿದ್ದಾಗಿನಿಂದ ಅವಳೆದುರಿಗೇ ಹಾಗೆಯೇ ಅಂದಿದ್ದರು. ಕೇಳಿಸಿಕೊಂಡವಳು ಅವಳೊಬ್ಬಳೇ.

"ನಿಮ್ಮ ಫೋನ್ ಇಟ್ಟ ತೋರಸ್ರಿ ಅಂತಾಳ" ಎಂದಳು. "ಅದನ್ನ ಹಚ್ಚಿಕೊಂಡು ಹಂಪ್ಸಿನ ಮ್ಯಾಲೆ ಹಾರಿಸಿಕೊಂಡ ಬರತಾಳಂತ. ಬೀಳಲಿಲ್ಲ ಅಂದ್ರ ತಪ್ಪ ಆಕೀದು. ಬಿತ್ತಂದ್ರ ನೀವು ಸುಳ್ಳರು ಅಂತಾಳ. ಸುಳ್ಳರು ಅಂತನ ಅಂದಾಳ, ನಾ ಕೂಡಿಸಿ ಹೇಳಾಕತ್ತಿಲ್ಲ."

ಮಹಾಲಿಂಗಪ್ಪನ ಕೈ ತಾನಾಗಿಯೇ ಕಿಸೆಯ ಮೇಲೆ ಹೋಗಿ ಫೋನನ್ನು ಮುಚ್ಚಿತು.

"ಇನ್ನ ನನ್ನ ಮಾತ ಕೇಳು" ಎಂದಳು ಫಕೀರವ್ವ. ಬಹುವಚನ ಬಿಟ್ಟುಹೋಗಿತ್ತು. "ಗ್ವಾಡಿ ಅಂದೆಲ್ಲೋ, ಆ ಗ್ವಾಡಿಗೆ ಮಾಲು ಮಾರೂಮುಂದ ಅದಕ್ಕ ಕಣ್ಣ ಮೂಗ ಇದ್ದುವಲ್ಲ? ರಸ್ತಾದಾಗ ಟ್ರ್ಯಾಕ್ಟರ್ ಹಾದು ಹೋಗಿದ್ರ ನನ್ನ ಸೊಸಿ ಇವತ್ತ ಇಲ್ಲಿ ಬಂದು ನಿಂದರತಿರಲಿಲ್ಲ. ಸಾವಕಾಶ ಹೊಡೀಬೇಕಂತ! ನಿನ್ನ ಮಾಲು ಪೊಳ್ಳ ಅನ್ನೂದು ಬಾಯಾಗ ಬರೂದಿಲ್ಲಲ್ಲ ನಿನಗ!"

ನಕ್ಕವರಲ್ಲೊಬ್ಬ ಈಗ ಪಕ್ಷ ಬದಲಿಸಿದ. "ಕೊಡ್ರಿ ಸಾವಕಾರ, ಭೂಮಿ ನಡುಗಿದ್ರೂ ಬೀಳೂದಿಲ್ಲ ಅಂದ್ರೆಲ್ಲ."

"ವ್ಯಾಪಾರದ ಫೋನ್ ಅದು" ಎಂದು ಮಹಾಲಿಂಗಪ್ಪ ಗೊಣಗಿದ. ಕೊಡಲಿಲ್ಲ. ಮುರಿದ ಹೋಲ್ಡರಿನ ದುಡ್ಡೂ ವಾಪಸು ಬರಲಿಲ್ಲ. ಮಹೇಶ್ವರಿ ಪಕ್ಕಾ ಮಾಲನ್ನು ಬಿಚ್ಚಿ ತಂದು ಮುರಿದದ್ದರ ಪಕ್ಕದಲ್ಲಿಟ್ಟು ಹೊರಬಿದ್ದಳು. ದಾರಿಯಲ್ಲಿ ಅತ್ತೆಯನ್ನು ನಿಲ್ಲಿಸಿ ಕೇಳಿದಳು: "ಎಲ್ಲಾ ಹೇಳಿದಿ?"

"ಎಲ್ಲಾ ಹೇಳಿದೆ" ಎಂದು ಕೈ ಮಾಡಿದಳು ಫಕೀರವ್ವ. "ನಾಕ ಮಾತ ಹೆಚ್ಚಿಗೀನ ಹೇಳಿದೆ."

ಲೈನಿಂಗ್ ಬಟ್ಟೆ ತರಲು ಗಜೇಂದ್ರಗಡಕ್ಕೆ ಹೋದಾಗ ಇಬ್ಬರೂ ಕಾಶೀಂಸಾಬನ ಸೈಕಲ್ ಅಂಗಡಿ ಹೊಕ್ಕರು. ಮಹೇಶ್ವರಿ ತನ್ನ ಹ್ಯಾಂಡಲ್ಲಿನ ಫೋಟೊ ತೋರಿಸಿ, ಟೇಪಿನಿಂದ ಅಳೆದ ದಪ್ಪವನ್ನು ಬರೆದು ಕೊಟ್ಟಳು. ಕಿವಿ ಕೇಳದವಳೆಂದು ತಿಳಿದೊಡನೆ ಕಾಶೀಂಸಾಬ ದನಿ ಏರಿಸಿದ.

"ಕಂಬಿ ಅಡ್ಡ ಬರತೈತೇನ ತಂಗೀ?"

ಅಂಗಡಿಯ ಮುಂದೆ ಹೋಗುತ್ತಿದ್ದವರು ತಿರುಗಿ ನೋಡಿದರು. "ಆಕೀಗೆ ಕೇಳೂದಿಲ್ರಿ ಯಣ್ಣಾ, ನಂಗ ಕೇಳತೈತಿ" ಎಂದು ಫಕೀರವ್ವ ಕಿವಿ ಮುಚ್ಚಿಕೊಂಡಳು. ಅವನು ಕೂಗುವುದನ್ನು ಬಿಡಲಿಲ್ಲ. ಆದರೆ ಕೂಗಿದ್ದು ಮಹೇಶ್ವರಿಯ ಮುಖ ನೋಡಿ. ಅವಳಿಗೆ ಅವನ ತುಟಿ ಸ್ವಚ್ಛವಾಗಿ ಕಂಡಿತು.

ಇಲ್ಲಿಯೂ ಅವಳು ಅಂಗೈ ಚಾಚಿದಳು. ಕಾಶೀಂಸಾಬ ಯಾಕೆಂದು ಕೇಳದೆ ತನ್ನ ಫೋನು ಕೊಟ್ಟ. ಅವನು ತೋರಿಸಿದ ಮೊದಲ ಹೋಲ್ಡರಿನ ದವಡೆ ಫೋನಿನ ಪಕ್ಕದ ಗುಂಡಿಯ ಮೇಲೆ ಕೂತಿತು.

"ಸೌಂಡಿನ ಗುಂಡಿ ಒತ್ತಿದ್ರ ನಿನಗೇನ ತಂಗೀ?" ಎಂದ ಅವನು.

"ಸೌಂಡ್ ಬೆಂಕ್ಯಾಗ ಬೀಳಲಿ, ಪರದೆ ಆರಿಹೋತು ನೋಡು" ಎಂದಳು ಮಹೇಶ್ವರಿ. ಫಕೀರವ್ವ ಬೆಂಕಿಯನ್ನೂ ಸೇರಿಸಿಯೇ ಹೇಳಿದಳು. ಕಾಶೀಂಸಾಬ ನಾಲಿಗೆ ಕಚ್ಚಿಕೊಂಡು ಬೇರೆಯದನ್ನು ತೆಗೆದ. ಅದು ಲೋಹದ್ದು. ನಾಲ್ಕು ಮೂಲೆಗೆ ನಾಲ್ಕು ಉಗುರು, ಉಗುರಿಗೆ ರಬ್ಬರು, ಹಿಂದೆ ಬಿಗಿಯುವ ತಿರುಪು. ಗುಂಡಿಗೆ ಏನೂ ತಾಗಲಿಲ್ಲ. ಅಂಗಡಿಯಲ್ಲಿದ್ದ ಕಂಬಿ ಬ್ರೇಕಿನ ಹಳೆಯ ಸೈಕಲ್ಲಿಗೆ ಅದನ್ನು ಕೂರಿಸಿ, ಜಾರದಂತೆ ಕೆಳಗೆ ಟ್ಯೂಬಿನ ಪಟ್ಟಿ ಸುತ್ತಿದ. ಮಹೇಶ್ವರಿ ಮುಂದಿನ ಗಾಲಿಯನ್ನು ಎತ್ತಿ ಎತ್ತಿ ನೆಲಕ್ಕೆ ಅಪ್ಪಳಿಸಿದಳು. ತನ್ನ ಫೋನು ಕುಲುಕುವುದನ್ನು ನೋಡುತ್ತ ಕಾಶೀಂಸಾಬ ಅಲ್ಲಾನನ್ನು ನೆನೆದ, ಕೈ ಮಾತ್ರ ಅಡ್ಡ ತರಲಿಲ್ಲ. ಫೋನು ಬೀಳಲಿಲ್ಲ.

"ಆಗಾಗ ತಿರುಪ ಬಿಗಿ ಮಾಡ್ಕೋಬೇಕ ತಂಗೀ, ನಮ್ಮ ರಸ್ತಾ ಎಲ್ಲಾನೂ ಸಡಿಲ ಮಾಡತಾವ" ಎಂದು ಕೂಗಿ ಹೇಳಿ ಬಿಗಿಯುವ ಕೀಲಿಯನ್ನೂ ಕೊಟ್ಟ. ಮನೆಗೆ ಬಂದು ಅವಳು ಅಗಲವಾದ ಎಲಾಸ್ಟಿಕ್ಕಿನ ಪಟ್ಟಿಯೊಂದನ್ನು ಹೊಲಿದು ಮೇಲಿನಿಂದ ಫೋನಿಗೆ ತೊಡಿಸಿದಳು. ಲೋಹವನ್ನೂ ಅವಳು ಪೂರ್ತಿ ನಂಬಲಿಲ್ಲ.

ಜಕ್ಕಲಿ ರಸ್ತೆಯಲ್ಲಿ ಈಗ ಪರದೆ ಬೆಳಗಿದರೆ ಅವಳಿಗೆ ಕಾಣುತ್ತದೆ, ಬದಿಗೆ ನಿಂತು ನೋಡಿ ಮುಂದೆ ಹೋಗುತ್ತಾಳೆ. ಮಹಾಲಿಂಗಪ್ಪ ಮಾತ್ರ ಬಂದವರಿಗೆಲ್ಲ, ಆ ಹೆಂಗಸು ಜಗಳಗಂಟಿ, ಒಳಗೆ ಬಿಟ್ಟುಕೊಳ್ಳಬಾರದು ಎಂದು ಹೇಳತೊಡಗಿದ. ಆ ಮಾತು ನರಗುಂದದವರೆಗೂ ಹೋಯಿತು. ಒಂದು ಮುಂಜಾನೆ ದಾರಿಯಲ್ಲಿ ದುರಗೇಶನ ವಿಡಿಯೋ ಕಾಲ್ ಬಂತು. ಮಹೇಶ್ವರಿ ಬೇವಿನ ಗಿಡದ ಕೆಳಗೆ ಸೈಕಲ್ಲಿಗೆ ಸ್ಟ್ಯಾಂಡು ಹಾಕಿದಳು.

"ಅಂಗಡಿಯವರ ಜೋಡಿ ಜಗಳ ಯಾಕ ಬೇಕಾಗಿತ್ತು? ಸುಮ್ಮನ ಬಿಡಬೇಕಿತ್ತು" ಎಂದ ಅವನು.

ಮೊದಲೆಲ್ಲ ಅವಳು ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದರಲ್ಲಿ ಅರ್ಧರ್ಧ ಮಾತಾಡುತ್ತಿದ್ದಳು. ಈಗ ಫೋನು ಹ್ಯಾಂಡಲ್ಲಿನ ಮೇಲೆ ಅಲುಗದೆ ನಿಂತಿತ್ತು, ಎರಡೂ ಕೈ ಖಾಲಿ ಇದ್ದವು. ಸುಮ್ಮನೆ ಬಿಡುವುದೆಂದರೆ ಏನೆಂದು ಗಂಡನಿಗೆ ಹೇಳತೊಡಗಿದಳು. ಟ್ರ್ಯಾಕ್ಟರು ಹೇಳಿದಳು, ಗ್ವಾಡಿ ಹೇಳಿದಳು, ಅವನ ತಾಯಿ ಬಾಯಿಬಿಟ್ಟು ಬೈದದ್ದನ್ನು ಹೇಳಿದಳು. ಕುರಿ ಹೊಡೆದುಕೊಂಡು ಹೊರಟಿದ್ದವನೊಬ್ಬ ನಿಂತು ನೋಡಿದ, ಕುರಿಗಳು ಮುಂದೆ ಹೋದವು.

ದುರಗೇಶ ಪರದೆಯಲ್ಲಿ ಎರಡೂ ಅಂಗೈ ಎತ್ತಿ ಸಾಕು, ಸಾಕು ಎಂದ.

"ಸಾಕಾಗಿಲ್ಲ" ಎಂದಳು ಮಹೇಶ್ವರಿ. "ಇನ್ನೂ ಐತಿ, ನಿಂದರು."