ಬೈಸಿಕೊಳ್ಳಲು ಬರುತ್ತಿದ್ದ ನರ್ಸಮ್ಮ

ನರ್ಸಮ್ಮನ ಎಡ ಹೆಗಲು ಬಲ ಹೆಗಲಿಗಿಂತ ಕೊಂಚ ತಗ್ಗಾಗಿತ್ತು. ವರ್ಷಗಟ್ಟಲೆ ಲಸಿಕೆಯ ಐಸ್ ಡಬ್ಬಿಯನ್ನು ಅದೇ ಹೆಗಲಿಗೆ ನೇತುಹಾಕಿಕೊಂಡು ತಿರುಗಿದ್ದರ ಫಲ. ಡಬ್ಬಿ ಕೆಳಗಿಟ್ಟು ಕುಳಿತಾಗಲೂ ಆ ಹೆಗಲು ಮೇಲೇಳುತ್ತಿರಲಿಲ್ಲ.

ಯಜಮಾನರಿಗೆ ವಿಜಯವಾಡಕ್ಕೆ ವರ್ಗವಾದಾಗ ನಾವು ಭವಾನಿಪುರಂನಲ್ಲಿ ಮನೆ ಹಿಡಿದೆವು. ಮಗಳು ಎರಡು ತಿಂಗಳ ಕೂಸು. ಬಾಣಂತನ ಮಾಡಲು ಧಾರವಾಡದಿಂದ ಅತ್ತೆಯೂ ಜೊತೆಗೆ ಬಂದಿದ್ದರು. ಇನ್ನೂ ಸಾಮಾನು ಬಿಚ್ಚಿರಲಿಲ್ಲ, ನರ್ಸಮ್ಮ ಬಾಗಿಲಲ್ಲಿ ಪ್ರತ್ಯಕ್ಷ.

"ಮಹಡಿ ಮೇಲೆ ಸಣ್ಣ ಬಟ್ಟೆ ಒಣಗ್ತಾ ಇವೆ ಕದಾ ಮೇಡಂ, ಮಗು ಎಲ್ಲಿ?"

ಗಡಿಯ ಆದೋನಿ ಕಡೆಯವರಾದ್ದರಿಂದ ಅವರಿಗೆ ತೆಲುಗು ಬೆರೆತ ಕನ್ನಡ ಬರುತ್ತಿತ್ತು. ಹಗ್ಗದ ಮೇಲಿನ ಲಂಗೋಟಿ ನೋಡಿ ಕೂಸು ಹುಡುಕುವುದು ಅವರ ಪದ್ಧತಿ. ಡೈಪರ್ ಕಂಡುಹಿಡಿದವನ ಮೇಲೆ ಅವರಿಗಿದ್ದ ಸಿಟ್ಟು ಅಷ್ಟಿಷ್ಟಲ್ಲ.

ಆ ವಾರವೇ ಮಗಳಿಗೆ ಸೂಜಿ ಹಾಕಿದರು. ರಾತ್ರಿ ಜ್ವರ ಬಂತು. ಬೆಳಿಗ್ಗೆ ನರ್ಸಮ್ಮ ಬಂದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ನಮ್ಮ ಕೂಸಿಗೆ ಏನ್ ಚುಚ್ಚೀರಿ ನೀವು? ಮೈ ಅನ್ನೂದು ಕೆಂಡ ಆಗೇತಿ. ಇನ್ನ ಮ್ಯಾಲೆ ಸೂಜಿ ಗೀಜಿ ಏನೂ ಬ್ಯಾಡ, ನಡೀರಿ!"

"ಬೈರಿ ಅಮ್ಮಾ, ಬೈಸ್ಕೊಳ್ಳೋಕೇ ಬಂದಿದ್ದೀನಿ. ಮಗೂನ ಮಾತ್ರ ಒಂದು ಸಲ ಕೊಡಿ."

ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಊದಿದ ಜಾಗವನ್ನು ಮುಟ್ಟಿ ನೋಡಿ, ಒದ್ದೆ ಬಟ್ಟೆಯಿಂದ ಮೈ ಒರೆಸಿದರು. ಇಂಥ ಜ್ವರ ತಾನಾಗಿ ಇಳಿಯುತ್ತದೆ ಎಂದು ನನಗೆ ಧೈರ್ಯ ಹೇಳಿದರು. ಸೂಜಿ ಹಾಕಿದ ಮನೆಗಳಿಗೆಲ್ಲ ಮರುದಿನ ಹೋಗುವುದು ಅವರೇ ಮಾಡಿಕೊಂಡ ನೇಮ. "ಅಳಿಸಿ ಹೋದವಳು ಮತ್ತೆ ಮುಖ ತೋರಿಸದಿದ್ರೆ, ಮುಂದಿನ ಸೂಜಿಗೆ ಯಾವ ತಾಯಿ ಬರ್ತಾಳೆ?" ಎನ್ನುತ್ತಿದ್ದರು.

ಅದರ ಮರುದಿನವೂ ಬಂದರು. ಅತ್ತೆಯ ಬೈಗುಳ ಇನ್ನೂ ಮುಗಿದಿರಲಿಲ್ಲ. ಬೈಯುವ ನಡುವೆಯೇ ಒಳಗೆ ಹೋಗಿ ಉಪ್ಪಿಟ್ಟಿನ ತಟ್ಟೆ ತಂದು ನರ್ಸಮ್ಮನ ಮುಂದಿಟ್ಟರು. "ಹಸದವ್ರಿಗೆ ಬೈಬಾರದು. ಮೊದ್ಲ ತಿನ್ರಿ." ಮುಂದಿನ ಸೂಜಿಗೆ ಕೂಸನ್ನು ಎತ್ತಿಕೊಂಡು ಹೋದವರು ಅತ್ತೆಯೇ.

ಬಹುಪಾಲು ಮಕ್ಕಳಿಗೆ ಲಸಿಕೆ ಆಗಿದೆ ಎಂದು ಒಮ್ಮೆ ಮೇಲಿನವರು ನರ್ಸಮ್ಮನನ್ನು ಹೊಗಳಿದರಂತೆ. "ಉಳಿದವು ಯಾರ ಮನೆ ಮಕ್ಕಳು, ಅದನ್ನ ಹೇಳಿ" ಎಂದು ಇವರು ಕೇಳಿದರಂತೆ. ಹಾಗೆ ಉಳಿದಿದ್ದ ಒಂದು ಮನೆ ನಮ್ಮ ಹಿಂದಿನ ಓಣಿಯಲ್ಲೇ ಇತ್ತು. ಶ್ರೀಕಾಕುಳಂ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಸಂಸಾರ. ನರ್ಸಮ್ಮ ಹೋದಾಗಲೆಲ್ಲ ಬೀಗ. ದಡಾರ ಬಂದು ಆ ಮನೆಯ ಹಿರಿ ಮಗು ಆಸ್ಪತ್ರೆಯಲ್ಲಿ ತೀರಿಕೊಂಡಿತು.

ನರ್ಸಮ್ಮ ನಮ್ಮ ಗೇಟಿನ ಬಳಿ ಬಂದು ನಿಂತರು. "ಆ ಮನೆಗೆ ಹೋಗಬೇಕು ಅಮ್ಮಾ. ಕಾಲೇ ಬರ್ತಾ ಇಲ್ಲ."

ಅತ್ತೆ ಸೆರಗು ಸಿಕ್ಕಿಸಿಕೊಂಡರು. "ನಡೀರಿ, ನಾನೂ ಬರ್ತೀನಿ. ಇಬ್ರೂ ಬೈಸ್ಕೊಳ್ಳೋಣು."

ಮಗಳನ್ನು ಎದುರು ಮನೆಯಲ್ಲಿ ಬಿಟ್ಟು ನಾನೂ ಹಿಂದೆ ಹೋದೆ. ಎಲ್ಲರ ಮನೆಗೂ ಹೋಗುವವಳು ನಮ್ಮ ಮನೆಗೆ ಮಾತ್ರ ಯಾಕೆ ಬರಲಿಲ್ಲ ಎಂದು ಆ ತಾಯಿ ತೆಲುಗಿನಲ್ಲಿ ಎದೆ ಬಡಿದುಕೊಂಡು ಕೂಗಿದಳು. ಬೀಗದ ಮಾತನ್ನು ನರ್ಸಮ್ಮ ಎತ್ತಲೇ ಇಲ್ಲ. ತೆಲುಗು ಬಾರದ ಅತ್ತೆ ಕೊನೆಯವರೆಗೂ ನರ್ಸಮ್ಮನ ಕೈ ಹಿಡಿದೇ ಕುಳಿತಿದ್ದರು. ಮರುದಿನವೂ ನರ್ಸಮ್ಮ ಅಲ್ಲಿಗೆ ಹೋದರು, ಅದರ ಮರುದಿನವೂ. ಆ ಮನೆಯ ಕೈಗೂಸಿಗೆ ಸೂಜಿ ಬಿದ್ದದ್ದು ಹಾಗೆ.

ನಾವೀಗ ವಿಶಾಖಪಟ್ಟಣದಲ್ಲಿದ್ದೇವೆ. ಮಗಳು ಶಾಲೆಗೆ ಹೋಗುತ್ತಾಳೆ, ನರ್ಸಮ್ಮನ ಮುಖ ಅವಳಿಗೆ ನೆನಪಿಲ್ಲ. ಕಳೆದ ತಿಂಗಳು ಭವಾನಿಪುರಂನ ಮನೆ ಒಡತಿ ಫೋನ್ ಮಾಡಿ, ನರ್ಸಮ್ಮ ಹೋಗಿಬಿಟ್ಟರು ಎಂದರು. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅತ್ತೆಗೆ ಹೇಳಿದೆ. ಅವರು ಸೊಪ್ಪು ಬದಿಗಿಟ್ಟು ಎದ್ದು ಬಚ್ಚಲಿಗೆ ಹೋದರು. ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ನಮ್ಮಲ್ಲಿ ರಕ್ತಸಂಬಂಧಿಕರು ತೀರಿಕೊಂಡ ಸುದ್ದಿ ಬಂದರೆ ಮಾತ್ರ ಮಾಡುವ ಸ್ನಾನ ಅದು.

ಅವರು ಹೊರಗೆ ಬಂದ ಮೇಲೆ ನಾನೂ ಹೋಗಿ ತಲೆಗೆ ನೀರು ಹಾಕಿಕೊಂಡೆ.